ಕ್ರಿಸಾಂತೊನ ನೀಲಿ ಕುರಿ

"ಕಳ್ ನನ್ಮಗ್ನೆ, ನನ್ ಕುರೀನ ನಿನ್ ರೊಪ್ಪದಾಗೆ ಕೂಡ್ಕೊಂಡಿದ್ದೀಯೇನ್ಲಾ!"

"ಯಾರ್ಲಾ ಕಳ್ಳ? ಇನ್ನೊಂದ್ಸಲ ಅನ್ನು, ಹಲ್ಲು ಉದುರಿಸ್ಬುಡ್ತೀನಿ!"

ತಿಪ್ಪಸಂದ್ರದ ಬೀರಯ್ಯನ ಜಗಲಿಯ ಮೇಲೆ ತಿಮ್ಮಯ್ಯನೂ ಬೀರಯ್ಯನೂ ಹುಂಜಗಳ ಹಾಗೆ ಎದುರುಬದುರು ನಿಂತಿದ್ದರು. ನಡುವೆ ಕ್ರಿಸಾಂತೊ, ತಾನು ಬರೆದ ಚಿತ್ರವನ್ನು ತಲೆಯ ಮೇಲೆ ಎತ್ತಿ ಹಿಡಿದು, ಯಾರು ಕೂಗಿದರೆ ಅವರ ಕಡೆ ಕತ್ತು ತಿರುಗಿಸುತ್ತಿದ್ದ.

ಅವನು ಫಿಲಿಪೈನ್ಸ್‌ನಿಂದ ಬೆಂಗಳೂರಿಗೆ ಚಿತ್ರಕಲೆ ಕಲಿಯಲು ಬಂದು ಮೂರು ವರ್ಷವಾಗಿತ್ತು. ಕೊನೆಯ ಪರೀಕ್ಷೆಗೆ ಹಳ್ಳಿಯ ಚಿತ್ರ ಬೇಕೆಂದು ಬೀರಯ್ಯನ ಮನೆಯಲ್ಲಿ ಒಂದು ತಿಂಗಳು ಮುದ್ದೆ ನುಂಗಿದ್ದ. ಅವತ್ತು ಸಂಜೆ ಐದರೊಳಗೆ ಚಿತ್ರದ ಮೇಲೆ ಕಾಲೇಜಿನ ಮೇಷ್ಟ್ರ ಸಹಿ ಬೀಳದಿದ್ದರೆ ಮೂರು ವರ್ಷವೂ ನೀರುಪಾಲು.

ಅವನು ಮಾಡಿದ್ದಿಷ್ಟೇ. ಬೀರಯ್ಯನ ಕುರಿಗಳ ಬೆನ್ನಿಗೆ ಕೆಂಪು ಗುರುತು. ಚಿತ್ರದ ತುಂಬ ಕೆಂಪೇ ಆಯಿತಲ್ಲ ಎಂದು ಅದರಲ್ಲಿ ಒಂದು ಕುರಿಯ ಗುರುತಿಗೆ ನೀಲಿ ಹಚ್ಚಿದ. ಊರಿನಲ್ಲಿ ನೀಲಿ ಗುರುತು ತಿಮ್ಮಯ್ಯನದು. ಅವನ ಕುರಿಯೊಂದು ಹೋದ ತಿಂಗಳು ಕಳೆದುಹೋಗಿತ್ತು. ಬಸ್ಸಿಗೆ ಹೊರಟ ಚಿತ್ರ ಅವನ ಕಣ್ಣಿಗೇ ಬೀಳಬೇಕೆ!

"ಕುರಿ ಕೆಂಪು. ನಾನು ನೀಲಿ ಮಾಡಿದೆ. ಚಂದಕ್ಕೆ," ಎಂದ ಕ್ರಿಸಾಂತೊ, ಕಲಿತಷ್ಟು ಕನ್ನಡದಲ್ಲಿ.

"ಚಂದಕ್ಕೆ ಯಾವನಾದ್ರೂ ಗುರ್ತು ಬದ್ಲಾಯಿಸ್ತಾನಾ? ಮುದ್ದೆ ಇಕ್ಕವ್ನೆ ಅಂತ ಸುಳ್ ಹೇಳ್ಬ್ಯಾಡ ಸಾಂತಣ್ಣ!" ಎಂದ ತಿಮ್ಮಯ್ಯ.

ಪಕ್ಕದ ಮನೆಯ ಮುನಿಯಮ್ಮ ಬಂದು ಚಿತ್ರದ ಕುರಿಗಳನ್ನು ಎಣಿಸಿದಳು. "ಬೀರಯ್ಯಂದು ಹನ್ನೆರಡು. ಇದ್ರಾಗೆ ಹನ್ನೊಂದೇ ಐತೆ. ಇನ್ನೊಂದೆಲ್ಲಪ್ಪ?"

"ಜಾಗ ಇಲ್ಲ."

"ಜಾಗ ಇಲ್ಲಾಂತ ಕುಯ್ಕೊಂಡ್ ತಿಂದ್ಬುಟ್ರಾ?"

ಬೆಂಗಳೂರಿನ ಹನ್ನೊಂದು ಗಂಟೆ ಬಸ್ಸು ಹಾರ್ನ್ ಹೊಡೆದು ಹೋಯಿತು. ಕ್ರಿಸಾಂತೊನ ಮುಖ ಆರಿದ ಮುದ್ದೆಯ ಹಾಗಾಯಿತು.

"ಆ ನೀಲಿ ಮ್ಯಾಲೆ ಒಸಿ ಕೆಂಪು ಬಳಿದ್ಬುಡಪ್ಪ, ಜಗಳಾನೇ ಇರಾಕಿಲ್ಲ," ಎಂದಳು ಬೀರಯ್ಯನ ಹೆಂಡತಿ ದಾಸಮ್ಮ. ಕ್ರಿಸಾಂತೊ ಅಲ್ಲೇ ಕೂತು ಬಳಿದ.

ತಿಮ್ಮಯ್ಯ ಬೆಂಕಿಯಾದ. "ನೋಡ್ರಪ್ಪೋ! ಕಣ್ಮುಂದೇನೇ ನನ್ ಗುರ್ತು ಅಳಿಸ್ಬುಟ್ರು! ನ್ಯಾಯ ಆಗೋಗಂಟ ಈ ಚಿತ್ರ ಊರು ಬುಡಂಗಿಲ್ಲ!"

ಚಿತ್ರದ ಒಂದು ತುದಿ ಅವನು ಹಿಡಿದ, ಇನ್ನೊಂದು ತುದಿ ಬೀರಯ್ಯ. ಜಗ್ಗಾಡಿ ಜಗ್ಗಾಡಿ ಸಾಕಾಗಿ, ಚಿತ್ರ ಬಿಟ್ಟು ಒಬ್ಬರ ಕೊರಳಪಟ್ಟಿಗೆ ಇನ್ನೊಬ್ಬರು ಕೈಹಾಕಿದರು. ಅದೇ ಸಮಯವೆಂದು ಕ್ರಿಸಾಂತೊ ಚಿತ್ರ ಎತ್ತಿಕೊಂಡು ಓಡಿದ. ಬಿಡದಿ ಫ್ಯಾಕ್ಟರಿಗೆ ಸೆಕೆಂಡ್ ಶಿಫ್ಟಿನವರನ್ನು ಹೊತ್ತಿದ್ದ ವ್ಯಾನು ಹತ್ತಿ, ಮಾಗಡಿಯಲ್ಲಿ ಇಳಿದು, ಬಸ್ಸಿಗೆ ಕಾದು ಕಾದು, ಐದಕ್ಕೆ ಹತ್ತು ನಿಮಿಷ ಇರುವಾಗ ಕಾಲೇಜು ಸೇರಿದ.

ಶಿವರಾಜು ಮೇಷ್ಟ್ರು ಅವನಿಗಾಗಿಯೇ ಕೂತಿದ್ದರು. ಚಿತ್ರದಲ್ಲಿ ವಸ್ತು ನೋಡಬಾರದು, ಬಣ್ಣ ನೋಡಬೇಕು ಎಂದು ಮೂರು ವರ್ಷ ತಲೆ ತಿಂದವರು ಅವರು. ಪೆನ್ನಿನ ಮುಚ್ಚಳ ತೆಗೆದು ಚಿತ್ರದ ಮೇಲೆ ಬಗ್ಗಿದವರು ಒಂದು ಕುರಿಯ ಮೇಲೆ ಬೆರಳಿಟ್ಟರು.

"ಈ ಕುರಿ ಎಲ್ ನೋಡ್ದೆ?"

"ತಿಪ್ಪಸಂದ್ರ, ಸರ್."

"ಬಲಗಿವಿ ತುದಿ ಇಲ್ಲ, ನೋಡು! ಕನಕಪುರದಾಗೆ ನಮ್ಮನೆ ಕುರಿ ಗುರ್ತು ಕಣಯ್ಯ ಅದು. ಕಳ್ದೋದ ಕುರೀನ ನಮ್ಮಪ್ಪ ಎರಡು ತಿಂಗ್ಳಿಂದ ಹುಡುಕ್ತಾ ಅವ್ರೆ!"

"ಸರ್, ಅದು... ಕಿವಿ ಬರೆಯೋಕೆ ಟೈಮ್ ಇರಲಿಲ್ಲ..."

ಮೇಷ್ಟ್ರು ಕೇಳಿಸಿಕೊಳ್ಳಲಿಲ್ಲ. ಚಿತ್ರವನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಚಪ್ಪಲಿ ಮೆಟ್ಟಿ, ಮಾಗಡಿ ಬಸ್ಸಿಗೆ ಹೊರಟೇಬಿಟ್ಟರು.

"ಸರ್, ಸಹಿ!"

ಐದು ಹೊಡೆಯಿತು. ಆರೂ ಹೊಡೆಯಿತು. ಮೇಷ್ಟ್ರು ವಾಪಸು ಬರಲಿಲ್ಲ.