ಕೊಳವೆ ತೊಳೆದ ದಿನ

ಎಲ್ಲಕ್ಕೂ ಕಾರಣ ಹೊಸ ಅಟೆಂಡರನ ಶುಚಿತ್ವ. ಇಪ್ಪತ್ತು ವರ್ಷ ಆಸ್ಪತ್ರೆಯಲ್ಲಿ ಬಾಟಲಿ ತೊಳೆದು, ಈ ಶಾಲೆಯ ಪ್ರಯೋಗಾಲಯಕ್ಕೆ ಬಂದು ಇನ್ನೂ ಹದಿನೈದು ದಿನವಾಗಿತ್ತು. ಕಲೆ ಕಂಡರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಆ ಬೆಳಿಗ್ಗೆ ಬೀರುವಿನ ಮೂಲೆಯಲ್ಲಿದ್ದ ಗಾಜಿನ ಕೊಳವೆಯೊಂದು ಅವನ ಕಣ್ಣಿಗೆ ಬಿತ್ತು. ಎರಡೂ ತುದಿ ಮುಚ್ಚಿತ್ತು, ಒಳಗೆಲ್ಲ ಕಂದು ಬಣ್ಣ.

ಅದು ಕೊಳೆಯಲ್ಲ, ಗ್ಯಾಸು. ಮೂವತ್ತೆರಡು ವರ್ಷದ ಹಿಂದೆ ಕೆಮಿಸ್ಟ್ರಿ ಮೇಷ್ಟ್ರು ತಾವೇ ತುಂಬಿ, ತಾವೇ ಬೆಂಕಿಯಲ್ಲಿ ಬಾಯಿ ಬೆಸೆದದ್ದು. ಬಿಸಿನೀರಿಗಿಟ್ಟರೆ ಕಡುಕಂದು, ಐಸಿಗಿಟ್ಟರೆ ಬಿಳಿಚಿಕೊಳ್ಳುತ್ತಿತ್ತು.

ಮೇಷ್ಟ್ರು ನಿವೃತ್ತರಾಗಿ ಎಂಟು ವರ್ಷ. ಹಳೆಯ ಪ್ರಯೋಗಾಲಯ ಕೆಡವುತ್ತಾರೆಂದು, ಅದಕ್ಕೆ ಮೊದಲು ಹಳೆ ವಿದ್ಯಾರ್ಥಿಗಳನ್ನೂ ಅವರನ್ನೂ ಹೆಡ್ ಮೇಡಂ ಕರೆಸಿದ್ದರು. ಮೇಡಂ ಕೂಡ ಅವರ ಶಿಷ್ಯೆಯೇ. ಮೇಷ್ಟ್ರಿಗೆ ಬೇಕಾದದ್ದು ಒಂದೇ: ಕೊಳವೆ ಬಣ್ಣ ತಿರುಗಿಸಿದಾಗ ನಲವತ್ತು ಬಾಯಿಂದ ಒಟ್ಟಿಗೆ ಹೊರಡುತ್ತಿದ್ದ ಆ "ಹಾ!" ಇನ್ನೊಂದೇ ಒಂದು ಸಲ ಕೇಳಬೇಕು. ತಿಂಗಳು ತಿಂಗಳು ಪಿಂಚಣಿ ಬರುತ್ತಿತ್ತು, ಅದೊಂದು ಬಂದಿರಲಿಲ್ಲ.

ಬಂದವರೇ ಬೀರು ತೆರೆದರು. ಕೊಳವೆ ಇಲ್ಲ.

"ತೊಳೆಯೋಕೆ ತಗೊಂಡಿದೀನಿ ಸಾರ್," ಎಂದ ಅಟೆಂಡರ್. "ಫಳಫಳ ಅನ್ನಿಸಿ ಟೇಬಲ್ ಮೇಲೆ ತಂದಿಡ್ತೀನಿ, ನೀವು ಹೋಗಿ ಕೂತ್ಕೊಳ್ಳಿ."

"ಹೊರಗೆ ಒರೆಸಿದ್ರೆ ಸಾಕಪ್ಪಾ..." ಎನ್ನುವಷ್ಟರಲ್ಲಿ ಆತ ಮಾಯ.

ಐಸ್ ತುಂಬಿ ತಂದಿದ್ದ ಫ್ಲಾಸ್ಕ್ ನೋಡಿದರೆ ಅದೂ ಖಾಲಿ. ಗೆಳೆಯರಾದ ಲೆಕ್ಕದ ಮೇಷ್ಟ್ರು ನಗುತ್ತ ನಿಂತಿದ್ದರು. "ಸೆಕೆ ಅಂತ ಎಲ್ಲರ ಗ್ಲಾಸಿಗೂ ಹಾಕಿಸ್ದೆ ಕಣ್ರೀ. ತಲೆಗೆ ಎರಡೆರಡು ತುಂಡು. ಲೆಕ್ಕ ಸರಿಯಾಗಿ ಬಂತು!"

"ನಿಮ್ಮ ಲೆಕ್ಕಕ್ಕಿಷ್ಟು ಬೆಂಕಿ ಹಾಕ," ಎಂದು ಗೊಣಗಿದ ಮೇಷ್ಟ್ರು, ಬಿಸಿನೀರಿನ ಅರ್ಧ ಆಟವಾದರೂ ಆಗಲೆಂದು ಒಲೆ ಹಚ್ಚಿ ನೀರಿಟ್ಟರು.

ಪಾಠ ಶುರುವಾಯಿತು. "ಒತ್ತಡ ಹೆಚ್ಚಾದ್ರೆ ಗ್ಯಾಸ್ ಏನ್ಮಾಡುತ್ತೆ? ನೆನಪಿದ್ಯಾ?"

"ತೋರಿಸ್ತೀವಿ ಸಾರ್!" ಎಂದು ಹಿಂದಿನ ಬೆಂಚಿನವರು ಹುಮ್ಮಸ್ಸಿನಿಂದ ಒತ್ತೊತ್ತಿ ಕೂತರು. ಒಂಟಿ ಕಣಗಳು ಕಂದು, ಒತ್ತಿದರೆ ಎರಡೆರಡು ಜೋಡಿಯಾಗಿ ಬಣ್ಣ ಕಳೆದುಕೊಳ್ಳುತ್ತವೆ, ಜಾಗವೂ ಕಡಿಮೆ ಸಾಕು ಎಂದು ತೋರಿಸಲು ಶಾಲೆಯ ದಿನಗಳಲ್ಲಿ ಒಬ್ಬರ ತೊಡೆಯ ಮೇಲೆ ಒಬ್ಬರು ಕೂರುತ್ತಿದ್ದರು. ಆಗ ಎಲ್ಲರೂ ಹಂಚಿಕಡ್ಡಿಗಳು. ಈಗ ಅವರಲ್ಲೇ ಬೇಕರಿ ಇಟ್ಟವನ ತೊಡೆಯ ಮೇಲೆ ವಕೀಲನಾದವನು ಕೂತದ್ದೇ ತಡ, ಬೆಂಚು ಲಟಕ್ಕೆಂದು ಮುರಿಯಿತು.

"ಬಿಸಿ ಮಾಡಿದ್ರೆ ಜೋಡಿ ಜಗಳ ಆಡಿ ಬೇರೆ ಆಗುತ್ತೆ, ಅಲ್ವಾ ಸಾರ್?" ಎಂದು ನೆಲದಿಂದಲೇ ಬೇಕರಿಯವನು ಕೇಳಿದ. ನಗೆಯಲ್ಲಿ ಮೇಷ್ಟ್ರಿಗೆ ಇಪ್ಪತ್ತು ವರ್ಷ ಹಿಂದಕ್ಕೆ ಹೋದಂತಾಯಿತು. ಅದೇ ಖುಷಿಯಲ್ಲಿ ಮೇಜಿನ ಕಡೆ ತಿರುಗಿದರು.

ಬಿಸಿನೀರಿನ ಪಾತ್ರೆಯ ಪಕ್ಕ, ಸ್ಟ್ಯಾಂಡಿನಲ್ಲಿ ಕೊಳವೆ ನಿಂತಿತ್ತು. ಅಟೆಂಡರ್ ಆಗಷ್ಟೇ ಒರೆಸಿಟ್ಟು ಹೋಗಿದ್ದ. ಒಳಗೆ ಕಂದಿನ ಸುಳಿವೇ ಇಲ್ಲ.

ಉಜ್ಜಿ ಉಜ್ಜಿ ಎಲ್ಲೋ ಬಿರುಕು ಬಿಡಿಸಿದ್ದಾನೆ, ಗ್ಯಾಸೆಲ್ಲ ಸೋರಿಹೋಗಿದೆ ಎಂದುಕೊಂಡರು ಮೇಷ್ಟ್ರು. ಅದನ್ನು ಮುಟ್ಟಲೂ ಮನಸ್ಸಾಗಲಿಲ್ಲ. ಬೆನ್ನು ತಿರುಗಿಸಿ ಶಿಷ್ಯರ ಎದುರು ನಿಂತರು.

"ಮಕ್ಕಳೇ, ಈ ಕೊಳವೆ ಇನ್ನಿಲ್ಲ," ಎಂದರು. "ನನ್ನ ಕೂದಲು ಕಪ್ಪಿದ್ದಾಗ ಇದರ ಬಾಯಿ ಬೆಸೆದದ್ದು. ನೀವೆಲ್ಲ ಬಂದ್ರಿ, ಹೋದ್ರಿ, ಇದು ಮಾತ್ರ ನನ್ನ ಜೊತೆ ಉಳೀತು. ಮನೇಲಿ ಕೂತು ನಾನು ನೆನೆಸಿಕೊಳ್ತಿದ್ದದ್ದು ನಿಮ್ಮ ಆ ಮುಖಗಳನ್ನ..."

"ಹಾ!" ಎಂದಿತು ಇಡೀ ಕೋಣೆ.

ಪಾಪ, ನನ್ನ ದುಃಖಕ್ಕೆ ಮರುಗಿದರಲ್ಲ ಎಂದು ಮೇಷ್ಟ್ರ ಕಣ್ಣಲ್ಲಿ ನೀರೇ ಬಂತು. ಕಣ್ಣೊರೆಸಿಕೊಂಡು ತಿರುಗಿದರೆ ಸ್ಟ್ಯಾಂಡು ಖಾಲಿ. ಹಿಂದೆ ಚಪ್ಪಾಳೆಯೋ ಚಪ್ಪಾಳೆ.

"ಏನ್ ನಾಟಕ ಸಾರ್!" ಹೆಡ್ ಮೇಡಂ ಓಡಿ ಬಂದರು. "ಸತ್ತೋಯ್ತು ಸತ್ತೋಯ್ತು ಅಂತ ನೀವು ಅಳ್ತಿರೋವಾಗ ಬೆನ್ನ ಹಿಂದೆ ಅದು ಕಂದಾಗ್ತಾ ಬಂತಲ್ಲಾ! ಇಷ್ಟು ವರ್ಷದಲ್ಲಿ ಇದೇ ಬೆಸ್ಟ್!"

ಮೇಷ್ಟ್ರು ಖಾಲಿ ಸ್ಟ್ಯಾಂಡಿನತ್ತ ಬೆರಳು ತೋರಿಸಿದರು. "ಕೊಳವೆ ಎಲ್ಲಿ?"

ಕಾಲು ಗಂಟೆ ಹುಡುಕಿದ ಮೇಲೆ ಅಟೆಂಡರ್ ತಲೆ ತಗ್ಗಿಸಿ, ಕೊಳವೆ ಹಿಡಿದು ಸ್ಟಾಫ್ ರೂಮಿನಿಂದ ಬಂದ. ಅದು ಮತ್ತೆ ಬಿಳಿಚಿಕೊಂಡಿತ್ತು. "ಸೋಪಿಗೆ ಬಿಡ್ಲಿಲ್ಲ ಸಾರ್. ಬಟ್ಟೆಗಂಟಿದ ಚೂಯಿಂಗ್ ಗಮ್ ಐಸಲ್ಲಿಟ್ರೆ ಬಿಡುತ್ತಲ್ಲ, ಹಾಗೇ ಫ್ರಿಜ್ಜಿನ ಮೇಲ್ಖಾನೇಲಿಟ್ಟೆ. ಹೋಯ್ತು. ಎಲ್ಲರೆದುರು ಕೊಳೆ ಮತ್ತೆ ಕಾಣಿಸ್ಕೊಂಡ್ರೆ ನಿಮ್ಮ ಮಾನ ಏನಾಗ್ಬೇಕು? ಅದಕ್ಕೇ ಎತ್ಕೊಂಡು ಓಡಿ ಮತ್ತೆ ಅಲ್ಲೇ ಇಟ್ಟಿದ್ದೆ."

ಎಂಟು ವರ್ಷದಿಂದ ಕಾದ ಉದ್ಗಾರ ಬಂದಿತ್ತು. ತಾವೇ ಅದನ್ನು ಅನುಕಂಪವೆಂದುಕೊಂಡಿದ್ದರು. ಮೇಷ್ಟ್ರಿಗೆ ತಡೆಯಲಾಗಲಿಲ್ಲ.

"ಎಲ್ಲಾ ಕೂತ್ಕೊಳ್ಳಿ! ಸರಿಯಾಗಿ ಮಾಡಿ ತೋರಿಸ್ತೀನಿ!"

ಅಷ್ಟರಲ್ಲಿ ಒಲೆ ಆರಿ, ನೀರು ಉಗುರುಬೆಚ್ಚಗಾಗಿತ್ತು. ಕೊಳವೆಯನ್ನು ಮೆಲ್ಲನೆ ಅದರಲ್ಲಿ ಅದ್ದಿ, ಉಸಿರು ಬಿಗಿಹಿಡಿದು ಶಿಷ್ಯರ ಮುಖ ನೋಡುತ್ತ ನಿಂತರು. ಗಾಜಿನೊಳಗೆ ಕಂದು ಬಣ್ಣ ನಿಧಾನವಾಗಿ ತುಂಬಿಕೊಂಡಿತು. ನಾಲ್ಕು ಜನ ಮರ್ಯಾದೆಗೆ ಚಪ್ಪಾಳೆ ತಟ್ಟಿದರು.

"ಚೆನ್ನಾಗಿದೆ ಸಾರ್," ಎಂದ ಬೇಕರಿಯವನು. "ಆದ್ರೆ ಆಗ್ಲೇ ಮಾಡಿದ್ರಲ್ಲ, ಅದರ ಮಜಾನೇ ಬೇರೆ."

ಬಾಗಿಲ ಕಡೆಯಿಂದ ಮಾತ್ರ ಕರುಳು ಕಿತ್ತು ಬರುವಂಥ ಉದ್ಗಾರವೊಂದು ಕೇಳಿಸಿತು. ಮೇಷ್ಟ್ರು ಆಸೆಯಿಂದ ಅತ್ತ ತಿರುಗಿದರು. ಅಟೆಂಡರ್ ತಲೆಯ ಮೇಲೆ ಕೈ ಹೊತ್ತು ನಿಂತಿದ್ದ.

"ಅಯ್ಯೋ! ಬೆಳಿಗ್ಗೆಯಿಂದ ಉಜ್ಜಿದೀನಲ್ಲಾ ಸಾರ್!"