ಚಾರ್ಜು ಯಾರದು?

ನಮ್ಮ ದೊಡ್ಡಬಳ್ಳಾಪುರ ತಾಲ್ಲೂಕಿನ ಜನ ಇಂಗ್ಲಿಷ್ ಕಲಿತರೋ ಬಿಟ್ಟರೋ, ಚಾರ್ಜು ಎಂಬ ಒಂದು ಮಾತನ್ನಂತೂ ಇಂಗ್ಲಿಷಿನವರಿಗಿಂತ ಚೆನ್ನಾಗಿ ದುಡಿಸಿಕೊಂಡರು. ಬಸ್ಸಿಗೆ ಕೊಡುವುದು ಚಾರ್ಜು, ಟಾರ್ಚಿನೊಳಗೆ ಇರುವುದು ಚಾರ್ಜು, ಪೊಲೀಸರು ಲಾಠಿ ಹಿಡಿದು ಮಾಡುವುದು ಚಾರ್ಜು, ಸಂಜೆ ಹೆಂಡದಂಗಡಿಯಿಂದ ಹೊರಬಂದವನಿಗೆ ಆಗಿರುವುದೂ ಚಾರ್ಜು. ನೌಕರಿಯಲ್ಲಿ ಇರುವವರು ಬಂದಾಗ ಚಾರ್ಜು ತೆಗೆದುಕೊಳ್ಳುತ್ತಾರೆ, ಹೋಗುವಾಗ ಚಾರ್ಜು ಕೊಡುತ್ತಾರೆ, ನಡುವೆ ತಪ್ಪಿದರೆ ಚಾರ್ಜ್ ಮೆಮೊ ತೆಗೆದುಕೊಳ್ಳುತ್ತಾರೆ. ನಾನು ಮೇಷ್ಟ್ರಾಗಿದ್ದಷ್ಟು ಕಾಲವೂ ಈ ಮಾತಿನ ಸುತ್ತ ಏನಾದರೊಂದು ನಡೆಯುತ್ತಲೇ ಇತ್ತು. ಹೆಚ್ಚು ನಡೆದದ್ದು ಮಾತ್ರ ಎಪ್ಪತ್ತರ ದಶಕದ ಮೊದಲ ಭಾಗದ ಒಂದು ವರ್ಷದಲ್ಲಿ.

ಆಗ ನಾನು ಸಾಸಲು ಹೋಬಳಿಯ ಒಂದು ಹಳ್ಳಿಯಲ್ಲಿ ಹೆಡ್‌ಮಾಸ್ಟರ್. ಶಾಲೆಗೆ ಇದ್ದವರೇ ಇಬ್ಬರು ಮೇಷ್ಟ್ರು. ಅದರ ಹಿಂದಿನ ಮಳೆಗಾಲದಲ್ಲಿ ನನ್ನ ಹೆಂಡತಿ ತೀರಿಕೊಂಡಿದ್ದಳು. ಐದು ವರ್ಷದ ಮಗಳನ್ನು ದೊಡ್ಡಬಳ್ಳಾಪುರದಲ್ಲಿ ಅತ್ತೆಯ ಮನೆಯಲ್ಲಿ ಬಿಟ್ಟಿದ್ದೆ. ಶನಿವಾರ ಶಾಲೆ ಮುಗಿಸಿ ಹೋಗುವುದು, ಸೋಮವಾರ ಮೊದಲ ಬಸ್ಸಿಗೆ ವಾಪಸು ಬರುವುದು. ದೊಡ್ಡಬಳ್ಳಾಪುರಕ್ಕೆ ವರ್ಗವಾದರೆ ಮಗಳ ಜೊತೆ ಇರಬಹುದೆಂದು ಅರ್ಜಿಯ ಮೇಲೆ ಅರ್ಜಿ ಹಾಕುತ್ತಿದ್ದೆ.

ಕೋಳಿಯ ಚಾರ್ಜು

ಒಂದು ಶನಿವಾರ ಬಸ್ಸಿನಲ್ಲಿ ನನ್ನ ಪಕ್ಕ ನಮ್ಮ ಹಳ್ಳಿಯ ಒಬ್ಬ ಅಜ್ಜಿ ಕುಕ್ಕೆಯೊಳಗೆ ಕೋಳಿ ಇಟ್ಟುಕೊಂಡು ಕೂತಿದ್ದಳು. ಕಂಡಕ್ಟರು ಬಂದವನೇ ಕುಕ್ಕೆ ನೋಡಿ, "ಕೋಳಿಗೆ ಚಾರ್ಜ್ ಕೊಡಜ್ಜಿ" ಅಂದ.

"ಅದೇನು ಸೀಟಲ್ಲಿ ಕೂತೈತಾ?"

"ಎಲ್ಲಿ ಕೂತಿದ್ರೂ ಚಾರ್ಜೇ."

"ಹಂಗಾರೆ ಅದ್ರ ಹೊಟ್ಟೇಲಿರೋ ಮೊಟ್ಟೇಗೂ ಕೊಡ್ಲಾ?"

ಕಂಡಕ್ಟರು ಲೆಕ್ಕ ಬಲ್ಲವನು. "ಒಳಗಿದ್ರೆ ಬೇಡ. ದೊಡ್ಡಬಳ್ಳಾಪುರ ಬರೋದ್ರೊಳಗೆ ಇಕ್ಕಿದ್ರೆ ಕೊಡು" ಅಂದ.

ಬಸ್ಸಿನಲ್ಲಿದ್ದವರೆಲ್ಲ ಮಾತು ನಿಲ್ಲಿಸಿ ಕುಕ್ಕೆಯ ಕಡೆ ತಿರುಗಿದರು. ಡ್ರೈವರು ಕೂಡ ಕನ್ನಡಿಯಲ್ಲಿ ಇಣುಕಿದ. ಇಷ್ಟು ಜನ ಕಾಯುವಾಗ ಕೋಳಿಗಾದರೂ ದಾಕ್ಷಿಣ್ಯ ಇರಬೇಡವೇ? ಊರು ಇನ್ನೂ ಎರಡು ಮೈಲಿ ಇರುವಾಗ ಮೊಟ್ಟೆ ಇಟ್ಟಿತು. ಕಂಡಕ್ಟರು ಕೈ ಚಾಚಿದ. ಅಜ್ಜಿ ಮೊಟ್ಟೆಯನ್ನು ಸೆರಗಿನಲ್ಲಿ ಒರೆಸಿ ನನ್ನ ಕೈಗಿಟ್ಟಳು. "ತಾಯಿಲ್ಲದ ಮಗು ಐತಲ್ಲ ಮೇಷ್ಟ್ರೇ, ಬೇಯ್ಸಿ ಕೊಡಿ. ಈಗ ಇದು ನಂದಲ್ಲ ಕಣಪ್ಪಾ ಕಂಡಕ್ಟ್ರು, ಮೇಷ್ಟ್ರನ್ನ ಕೇಳು."

ಅತ್ತೆಯದು ನೇಯ್ಗೆಯವರ ಮನೆ. ಅಲ್ಲಿ ಮೊಟ್ಟೆ ಹೊಸಿಲು ದಾಟುವಂತಿಲ್ಲ. ಅಜ್ಜಿಗೆ ಬೇಡ ಎನ್ನಲು ಮನಸ್ಸು ಬಂದಿರಲಿಲ್ಲ. ಮೊಟ್ಟೆಯನ್ನು ಕರವಸ್ತ್ರದಲ್ಲಿ ಸುತ್ತಿ, ಕೊಡೆಯೊಳಗಿಟ್ಟು, ಕೊಡೆಯನ್ನು ಹೊರಗಿನ ಜಗಲಿಯ ಮೂಲೆಯಲ್ಲಿ ನಿಲ್ಲಿಸಿದೆ. ಭಾನುವಾರ ಪೂರ್ತಿ ಮಳೆ ಬರದಿರಲಿ ಎಂದು ಕೇಳಿಕೊಂಡೆ. ಸೋಮವಾರ ಬೆಳಿಗ್ಗೆ ಅದೇ ಬಸ್ಸು, ಅದೇ ಕಂಡಕ್ಟರು. ಮೊಟ್ಟೆಯನ್ನು ಅವನ ಕೈಗೇ ಕೊಟ್ಟೆ.

ಅವನು ಅದನ್ನು ಬೆಳಕಿಗೆ ಹಿಡಿದು ನೋಡಿ, ಚೀಲಕ್ಕೆ ಇಳಿಸಿ, "ನೋಡಿದ್ರಾ ಸಾರ್, ಸ್ವಲ್ಪ ತಡ ಆಗ್ಬೋದು, ಚಾರ್ಜು ಎಲ್ಲೂ ಹೋಗಲ್ಲ" ಅಂದ.

ಬಿಸಿಲಿಗಿಟ್ಟ ಸೆಲ್ಲುಗಳು

ಟಾರ್ಚು ಮಂಕಾದರೆ, ರೇಡಿಯೋ ಮೂಗಿನಲ್ಲಿ ಮಾತಾಡಲು ಶುರು ಮಾಡಿದರೆ, ನಮ್ಮ ಹಳ್ಳಿಯವರು ಸೆಲ್ಲುಗಳನ್ನು ಬಿಸಾಡುತ್ತಿರಲಿಲ್ಲ. ಬಿಸಿಲಿಗೆ ಇಡುತ್ತಿದ್ದರು. ಊರಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಬಿಸಿಲು ಬೀಳುವ ಜಾಗ ಶಾಲೆಯ ಕಟ್ಟೆ. "ಚಾರ್ಜಿಗೆ ಮಡಗಿದ್ದೀನಿ ಮೇಷ್ಟ್ರೇ, ಒಸಿ ನೋಡ್ಕಳಿ" ಎಂದು ಹೇಳಿ ಹೊಲಕ್ಕೆ ಹೋಗುತ್ತಿದ್ದರು. ನಾನು ಒಳಗೆ ಮಗ್ಗಿ ಹೇಳಿಸುತ್ತ, ಕಿಟಕಿಯಿಂದ ಸೆಲ್ಲು ಕಾಯುತ್ತಿದ್ದೆ.

ಎಲ್ಲ ಒಂದೇ ಅಂಗಡಿಯಲ್ಲಿ ಕೊಂಡವು, ಎಲ್ಲಕ್ಕೂ ಒಂದೇ ಬಣ್ಣ. ಒಂದು ಸಂಜೆ ಇಬ್ಬರು ಗೌಡರು ನಾಲ್ಕು ಸೆಲ್ಲಿಗೆ ಜಗಳವಾಡಿದರು. ಮರುದಿನದಿಂದ ನಾನು ಪ್ರತಿಯೊಂದರ ಮೇಲೂ ಸೀಮೆಸುಣ್ಣದಲ್ಲಿ ಯಜಮಾನರ ಹೆಸರು ಬರೆದೆ. ವಾರ ಕಳೆಯಿತು. ಅವರಲ್ಲಿ ಒಬ್ಬ ಗೌಡರು ಬಂದು, "ಬೇಜಾರು ಮಾಡ್ಕಬೇಡಿ. ನೀವು ಹೆಸರು ಬರ್ದಾಗ್ಲಿಂದ ಚಾರ್ಜು ನಿಲ್ತಿಲ್ಲ. ಸುಣ್ಣ ಬಿಸಿಲ್ನ ತಡೀತದೆ" ಅಂದರು.

ನಾನು ಅವರನ್ನು ಕೂರಿಸಿ, ಒಂದು ಹಳೆಯ ಸೆಲ್ಲು ಒಡೆದು, ಒಳಗಿನ ಕಪ್ಪು ಪುಡಿ, ನಡುವಿನ ಕಡ್ಡಿ, ಸುತ್ತಿನ ತಗಡು ತೋರಿಸಿದೆ. ಒಳಗಿನ ವಸ್ತು ತೀರಿದ ಮೇಲೆ ತೀರಿತು, ಸೂರ್ಯನಿಂದ ಅದು ತುಂಬುವುದಿಲ್ಲ, ಬಿಸಿಯಿಂದ ಸ್ವಲ್ಪ ಹೊತ್ತು ಚೇತರಿಸಿಕೊಂಡ ಹಾಗೆ ಕಾಣುತ್ತದೆ ಅಷ್ಟೆ ಎಂದು ವಿವರಿಸಿದೆ. ಇಡೀ ಮೂರನೇ ತರಗತಿ ಬಾಯಿ ಬಿಟ್ಟು ಕೇಳಿತು. ಗೌಡರೂ ಕೊನೆಯವರೆಗೆ ಕೇಳಿದರು.

"ಎಲ್ಲಾ ಸರಿ ಮೇಷ್ಟ್ರೇ. ನೀವು ಒಡ್ದಿದ್ದು ಯಾರ ಸೆಲ್ಲು?"

ಹೆಸರು ನೋಡಿದೆ. ಅವರದೇ.

ಶನಿವಾರದ ಮೇಷ್ಟ್ರು

ಅತ್ತೆಯ ಮನೆಯ ನಡುಮನೆಯಲ್ಲಿ ಎರಡು ಪವರ್‌ಲೂಮು. ಅವು ಓಡುವಾಗ ಎಲ್ಲರೂ ಕೂಗಿಯೇ ಮಾತಾಡಬೇಕು. ನನ್ನ ಮಗಳೂ ಹಾಗೇ ಕಲಿತಿದ್ದಳು. ಒಂದು ಸಲ ನಾನು ಬೀದಿಯ ತುದಿಯಲ್ಲಿ ಕಾಣುತ್ತಲೇ ಅವಳು ಬಾಗಿಲಲ್ಲಿ ನಿಂತು, "ಅಜ್ಜೀ, ಶನಿವಾರದ ಮೇಷ್ಟ್ರು ಬಂದ್ರು!" ಎಂದು ಕೂಗಿದಳು. ಬೀದಿಗೆಲ್ಲ ಕೇಳಿಸಿತು.

ಅತ್ತೆಗೆ ಸಂಕಟವಾಯಿತು. "ಹಂಗನ್ಬಾರ್ದು ಕಣೇ, ಅಪ್ಪ ಅನ್ಬೇಕು." ಮಗಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಪ್ಪ ಆದ್ರೆ ಯಾಕೆ ವಾಪಸ್ ಹೋಗ್ತಾರೆ?" ಎಂದಳು. ಉತ್ತರ ಹೇಳುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಗಿ ಮಗ್ಗ ನಿಂತಿತು. ಉತ್ತರ ಕೇಳಲು ಅಕ್ಕಪಕ್ಕದ ಮನೆಯವರೂ ಬಾಗಿಲಿಗೆ ಬಂದರು.

"ಅಳಿಯಂದ್ರೇ, ನಂಗೂ ವಯಸ್ಸಾಯ್ತು," ಅಂದರು ಅತ್ತೆ. "ಇವಳ ಬಾಯಿ ಚಾರ್ಜು ನನ್ನ ಕೈಲಾಗಲ್ಲ. ಬೇಗ ಬಂದು ತಗೊಳ್ಳಿ."

ಮಧ್ಯಾಹ್ನದ ಇನ್‌ಚಾರ್ಜ್

ವರ್ಗದ ವಿಚಾರ ಕೇಳಲು ನಾನು ಒಂದು ದಿನ ತಾಲ್ಲೂಕಿನ ಶಿಕ್ಷಣ ಇಲಾಖೆಯ ಕಚೇರಿಗೆ ಹೋಗಬೇಕಾಯಿತು. ಹೆಡ್‌ಮಾಸ್ಟರು ಊರು ಬಿಟ್ಟರೆ ಅರ್ಧ ದಿನಕ್ಕಾದರೂ ಆರ್ಡರ್ ಪುಸ್ತಕದಲ್ಲಿ ಬರೆದು ಹೋಗುವುದು ಪದ್ಧತಿ. ಸಹಾಯಕ ಮೇಷ್ಟ್ರನ್ನು ಇನ್‌ಚಾರ್ಜ್ ಎಂದು ಬರೆದು, ಸಹಿ ಹಾಕಿಸಿಕೊಂಡು ಹೊರಟೆ. ಆತ ನೌಕರಿಗೆ ಹೊಸಬ, ಇನ್ನೂ ಮದುವೆಯಾಗದವನು.

ಕಚೇರಿಯಲ್ಲಿ ಸಿಹಿ ಸುದ್ದಿಯೇ ಸಿಕ್ಕಿತು. ಆರ್ಡರು ಹೊರಟಿದೆ ಎಂದರು ಗುಮಾಸ್ತರು. "ಆದ್ರೆ ಬರೋ ಸೋಮವಾರ ಬೆಳಿಗ್ಗೆ ಇಲ್ಲಿನ ಶಾಲೇಲಿ ಹಾಜರಾಗ್ಬೇಕು. ಅಷ್ಟರಲ್ಲಿ ನಿಮ್ಮ ಶಾಲೆ ಚಾರ್ಜು ಹೊಸಬರಿಗೆ ಕೊಟ್ಟಿರ್ಬೇಕು. ಇಲ್ದಿದ್ರೆ ಆ ಜಾಗಕ್ಕೆ ನೆಲಮಂಗಲದವರೊಬ್ಬರು ಕಾಯ್ತಾ ಕೂತಿದ್ದಾರೆ."

ಸಂತೋಷದಲ್ಲಿ ಬಸ್ಸು ತಪ್ಪಿಸಿಕೊಂಡು, ಅರ್ಧ ದಾರಿ ಎತ್ತಿನ ಗಾಡಿಯಲ್ಲಿ, ಅರ್ಧ ದಾರಿ ನಡೆದು ಶಾಲೆ ಸೇರಿದಾಗ ಗಂಟೆ ಮೂರೂವರೆ. ಮಕ್ಕಳು ಉಸಿರೆತ್ತದೆ ಕಾಪಿ ಬರೆಯುತ್ತಿದ್ದವು. ಮೇಷ್ಟ್ರು ಇರಲಿಲ್ಲ. ಆರ್ಡರ್ ಪುಸ್ತಕ ತೆಗೆದೆ. ನನ್ನ ಬರಹದ ಕೆಳಗೆ ಆತ ತನಗೆ ತಾನೇ ಅರ್ಜಿ ಬರೆದುಕೊಂಡಿದ್ದ: "ರಾಜಘಟ್ಟದಲ್ಲಿ ನೆಂಟರ ಮದುವೆಯ ಪ್ರಯುಕ್ತ ಮಧ್ಯಾಹ್ನ ರಜೆ ಕೋರುತ್ತೇನೆ." ಅದರ ಕೆಳಗೆ ಅದೇ ಕೈಬರಹದಲ್ಲಿ, "ಮಂಜೂರು ಮಾಡಿದೆ. ಇನ್‌ಚಾರ್ಜ್ ಹೆಡ್‌ಮಾಸ್ಟರ್." ಅದರ ಕೆಳಗೆ ಇನ್ನೊಂದು ಸಾಲು: "ಶಾಲೆಯ ಚಾರ್ಜನ್ನು ನಾಲ್ಕನೇ ತರಗತಿಯ ಮಾನಿಟರಿಗೆ ವಹಿಸಿದೆ."

ಮಾನಿಟರು ಎಂದರೆ ಎರಡು ಜಡೆಯ ಒಬ್ಬ ಹುಡುಗಿ. ನನ್ನ ಕುರ್ಚಿಯಲ್ಲಿ ಬೆತ್ತ ಹಿಡಿದು ಕೂತಿದ್ದಳು. ನನ್ನನ್ನು ಕಂಡರೂ ಏಳಲಿಲ್ಲ.

"ಯಾಕೆ ಲೇಟು ಸಾರ್?"

"ಬಸ್ಸು ಸಿಗಲಿಲ್ಲಮ್ಮ."

ಸ್ವಲ್ಪ ಯೋಚಿಸಿದಳು. "ಸರಿ, ಹೋಗಿ ಕೂತ್ಕಳಿ" ಎಂದಳು.

ಮೂವತ್ತೊಂದನೇ ಬಾಬ್ತು

ಹೊಸ ಹೆಡ್‌ಮಾಸ್ಟರು ಶನಿವಾರ ಬೆಳಿಗ್ಗೆ ಹೊಸಕೋಟೆ ಕಡೆಯಿಂದ ಬಂದರು. ಕಿವಿಯ ಮೇಲೆ ಪೆನ್ಸಿಲ್, ಕಂಕುಳಲ್ಲಿ ಅಡಿಕೋಲು. ನನ್ನನ್ನು ಎಲ್ಲರೂ ಅತಿ ಕರಾರುವಾಕ್ಕು ಮನುಷ್ಯ ಎನ್ನುತ್ತಿದ್ದರು. ಅವರನ್ನು ನೋಡಿದ ಮೇಲೆ ನಾನು ಎಷ್ಟು ಸಡಿಲ ಎಂದು ತಿಳಿಯಿತು.

ಚಾರ್ಜ್ ಲಿಸ್ಟಿನಲ್ಲಿ ನಲವತ್ತು ಬಾಬ್ತು. ಒಂದೊಂದನ್ನೂ ಮುಟ್ಟಿ ನೋಡಿದರು. ಭೂಪಟದ ಹತ್ತಿರ ಅರ್ಧ ಗಂಟೆ ನಿಂತರು. "ಲಿಸ್ಟಲ್ಲಿ 'ಸ್ವಲ್ಪ ಹರಿದಿದೆ' ಅಂತಿದೆ ಸಾರ್. ಇದು ಸ್ವಲ್ಪ ಅಲ್ಲ." ಅಡಿಕೋಲು ಇಟ್ಟು ಅಳೆದು, "ಒಂಬತ್ತು ಅಂಗುಲ ಹರಿದಿದೆ" ಎಂದು ತಿದ್ದಿದರು. ಮೂವತ್ತನೇ ಬಾಬ್ತು ಮುಗಿಯುವಾಗ ಮಧ್ಯಾಹ್ನ ಮೂರು ಗಂಟೆ. ಐದಕ್ಕೆ ಬಸ್ಸು. ಈ ಸಲ ವಾಪಸ್ ಹೋಗುವುದಿಲ್ಲ ಎಂದು ಮಗಳಿಗೆ ಹೇಳಿ ಕಳಿಸಿದ್ದೆ.

ಮೂವತ್ತೊಂದು: "ತಗಡಿನ ಪೆಟ್ಟಿಗೆ ಒಂದು. ಬೀಗ ಹಾಕಿದೆ. ಒಳಗಿನ ವಸ್ತುಗಳು ಒಳಗಿರುವ ಪಟ್ಟಿಯಂತೆ."

"ತೆಗೀರಿ" ಅಂದರು.

"ಬೀಗದ ಕೈ ಇಲ್ಲ."

"ಒಳಗೇನಿದೆ?"

"ಗೊತ್ತಿಲ್ಲ."

"ಗೊತ್ತಿಲ್ದೆ ನೀವು ಹೇಗೆ ಸಹಿ ಮಾಡಿದ್ರಿ?"

ಎಂಟು ವರ್ಷದ ಹಿಂದೆ ನಾನು ಚಾರ್ಜು ತೆಗೆದುಕೊಂಡ ದಿನ ಹೊರಗೆ ಗಾಡಿಯಲ್ಲಿ, ಪಾತ್ರೆ ಹಾಸಿಗೆಗಳ ನಡುವೆ, ನನ್ನ ಹೆಂಡತಿ ಕೂತಿದ್ದಳು. ಮದುವೆಯಾಗಿ ಹದಿನೈದು ದಿನ. ಬಿಸಿಲು ಜೋರಾಗಿತ್ತು. ನಲವತ್ತಕ್ಕೂ ಒಂದೇ ಸಹಿ ಹಾಕಿ ಹೊರಗೆ ಬಂದಿದ್ದೆ. ಇದನ್ನು ಅವರಿಗೆ ಹೇಳಲಿಲ್ಲ. "ಹಿಂದಿನವರೂ ಹಾಗೇ ಮಾಡಿದ್ದರು" ಎಂದೆ.

ಅವರು ಪೆಟ್ಟಿಗೆ ಅಲ್ಲಾಡಿಸಿದರು. ಒಳಗೆ ಏನೋ ಸದ್ದಾಯಿತು. "ಏನೋ ಇದೆ. ನೋಡದೆ ನಾನು ಸಹಿ ಮಾಡಲ್ಲ."

"ಬೀಗ ಒಡೆಸೋಣ."

"ಸರ್ಕಾರದ ಬೀಗ ಸಾರ್. ಆರ್ಡರ್ ಬೇಕು. ಬರೆದು ಹಾಕೋಣ, ಒಂದು ತಿಂಗಳಲ್ಲಿ ಬರುತ್ತೆ."

ನನಗೆ ಒಂದು ತಿಂಗಳು ಇರಲಿಲ್ಲ, ಒಂದೂಮುಕ್ಕಾಲು ಗಂಟೆ ಇತ್ತು. ಪಂಚಾಯ್ತಿ ಚೇರ್ಮನ್ನರ ಮನೆಗೆ ಓಡಿದೆ. ಅವರು ಊಟ ಮಾಡಿ ಮಲಗಿದ್ದವರು ಎದ್ದು ಬಂದು, ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದರು.

"ಬೀಗ ಒಡೆಯಕ್ಕೆ ಆರ್ಡರ್ ಬೇಕು, ಅಲ್ವಾ ಹೊಸ ಮೇಷ್ಟ್ರೇ?"

"ಹೌದು."

"ಹಿಂದ್ಗಡೆ ಕೀಲು ಬಿಚ್ಚಕ್ಕೆ?"

ಹೊಸ ಹೆಡ್‌ಮಾಸ್ಟರು ಬಹಳ ಹೊತ್ತು ಯೋಚಿಸಿದರು. ಪಾಪ, ಪ್ರಾಮಾಣಿಕರು. "ಕೀಲಿನ ವಿಚಾರ ರೂಲ್ಸಲ್ಲಿ ಇಲ್ಲ" ಎಂದು ಒಪ್ಪಿದರು.

ಕುಲುಮೆಯ ಆಚಾರಿ ಬಂದು ಕೀಲಿನ ಕಡ್ಡಿಗಳನ್ನು ಹೊಡೆದು ತೆಗೆದ. ಮುಚ್ಚಳವನ್ನು ಹಿಂದಿನಿಂದ ಎತ್ತಿದರು. ಅಷ್ಟು ಹೊತ್ತಿಗೆ ಅರ್ಧ ಊರು ಕಿಟಕಿಯಲ್ಲಿತ್ತು. ಒಳಗೆ ಇದ್ದದ್ದು ಮಡಚಿದ ಒಂದು ಕಾಗದ, ದಾರದಲ್ಲಿ ಕಟ್ಟಿದ ಎರಡು ಬೀಗದ ಕೈ. ಹೊಸ ಹೆಡ್‌ಮಾಸ್ಟರು ಕಾಗದ ಬಿಡಿಸಿ ಗಟ್ಟಿಯಾಗಿ ಓದಿದರು:

"ಒಳಗಿನ ವಸ್ತುಗಳ ಪಟ್ಟಿ. ಒಂದು: ಈ ಪೆಟ್ಟಿಗೆಯ ಬೀಗದ ಕೈ, ಎರಡು. ಜೋಪಾನವಾಗಿ ಇಡತಕ್ಕದ್ದು."

ಕಿಟಕಿಯಲ್ಲಿದ್ದವರು ನಕ್ಕರು. ಚೇರ್ಮನ್ನರು ಕಟ್ಟೆಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡರು. ಹೊಸ ಹೆಡ್‌ಮಾಸ್ಟರು ಮಾತ್ರ ನಗಲಿಲ್ಲ. ಬೀಗಕ್ಕೆ ಒಂದು ತೊಟ್ಟು ಎಣ್ಣೆ ಬಿಟ್ಟು, ಎರಡು ಬೀಗದ ಕೈಗಳನ್ನೂ ಒಂದೊಂದಾಗಿ ಹಾಕಿ ನೋಡಿದರು. ಎರಡರಲ್ಲೂ ತೆರೆಯಿತು. "ಸರಿಯಾಗಿದೆ" ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿದರು. ಆಚಾರಿ ಕೀಲುಗಳನ್ನು ಮತ್ತೆ ಜೋಡಿಸಿದ. ಉಳಿದ ಒಂಬತ್ತು ಬಾಬ್ತು ಬೇಗ ಮುಗಿದವು. ದೂರದ ತಿರುವಿನಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು.

"ಇನ್ನು ಸಹಿ ಮಾಡಬಹುದಲ್ಲ?" ಎಂದೆ.

"ಒಂದ್ನಿಮಿಷ ಸಾರ್. ಲಿಸ್ಟಲ್ಲಿ 'ಒಳಗಿನ ವಸ್ತುಗಳು' ಅಂತಿದೆ. ವಸ್ತು ಹೊರಗಿದ್ರೆ ನಾನು ಹೇಗೆ ಸಹಿ ಮಾಡ್ಲಿ?"

ಕಾಗದವನ್ನು ಮೊದಲಿನಂತೆ ಮಡಚಿ ಪೆಟ್ಟಿಗೆಯೊಳಗೆ ಇಟ್ಟರು. ಅದರ ಮೇಲೆ ಎರಡು ಬೀಗದ ಕೈಗಳನ್ನೂ ಜೋಪಾನವಾಗಿ ಇಟ್ಟರು. ಮುಚ್ಚಳ ಮುಚ್ಚಿದರು. ಅದು ಒತ್ತಿದರೆ ತಾನೇ ಹಾಕಿಕೊಳ್ಳುವ ಬೀಗ. ಒತ್ತಿದರು. ಟಕ್ ಎಂದಿತು. ಒಮ್ಮೆ ಎಳೆದೂ ನೋಡಿದರು.

ಮಕ್ಕಳ ಕಾಪಿಯಲ್ಲಿ ಒಂದು ದೀರ್ಘ ತಪ್ಪಿದರೂ ತಿದ್ದದೆ ಬಿಟ್ಟವನಲ್ಲ ನಾನು. ಬಾಯಿ ತೆರೆದೆ. ಹಾರ್ನ್ ಇನ್ನೂ ಹತ್ತಿರದಲ್ಲಿ ಕೇಳಿಸಿತು.

"ಸಹಿ ಎಲ್ಲಿ ಸಾರ್?" ಎಂದರು.

"ಇಲ್ಲಿ" ಎಂದು ಬೆರಳಿಟ್ಟು ತೋರಿಸಿದೆ.

ಸಹಿ ಮಾಡಿದರು. ನಾನು ಕೈ ಮುಗಿದು, ಟ್ರಂಕು ಎತ್ತಿಕೊಂಡು ಓಡಿದೆ. ನನ್ನ ಹಾಸಿಗೆ ಸುತ್ತನ್ನು ಹೆಗಲಿಗೇರಿಸಿಕೊಂಡು ಚೇರ್ಮನ್ನರೂ ಜೊತೆಗೆ ಓಡಿ ಬಂದರು. ಅವರಿಗೆ ಏದುಸಿರು, ಅದರ ನಡುವೆ ಚಿಂತೆ.

"ಮೇಷ್ಟ್ರೇ, ಬೀಗದ ಕೈ ಒಳ್ಗೇ ಹೋಯ್ತಲ್ಲಾ!"

"ನೋಡಿದೆ."

"ಹೇಳ್ಬೇಕಾಗಿತ್ತಲ್ವಾ?"

"ಅದು ಈಗ ನನ್ನ ಚಾರ್ಜಲ್ಲಿಲ್ಲ ಚೇರ್ಮನ್ನರೇ" ಎಂದು ಹೇಳಿ ಬಸ್ಸು ಹತ್ತಿದೆ.