ಒಳಗೆ ಕೈ ಹಾಕದ ಚಿಕ್ಕಪ್ಪ

ನಮ್ಮ ಚಿಕ್ಕಪ್ಪ ತಮ್ಮ ಮನೆಯ ಸಕ್ಕರೆ ಡಬ್ಬಿಯ ಮುಚ್ಚಳವನ್ನು ತಾವೇ ತೆಗೆದದ್ದನ್ನು ಕಂಡವರು ಹಿಂದೂಪುರದಲ್ಲಿ ಯಾರೂ ಇಲ್ಲ. ಸೋಮಾರಿತನ ಅಂದುಕೊಂಡಿರಾ? ಛೆ, ಸೋಮಾರಿತನವಾಗಿದ್ದರೆ ಅಜ್ಜಿ ಪೊರಕೆ ಹಿಡಿದು ಬಿಡಿಸುತ್ತಿದ್ದರು. ಇದು ಸಿದ್ಧಾಂತ!

ತೊಂಬತ್ತರ ದಶಕದ ಮಾತು. ನಮ್ಮದು ಆಂಧ್ರದ ಗಡಿಯಲ್ಲಿ ನೆಲೆಸಿದ ಕನ್ನಡದ ನೇಯ್ಗೆಯ ಮನೆತನ. ಅಪ್ಪ, ಅಮ್ಮ ಕಲ್ಯಾಣದುರ್ಗದಲ್ಲಿ ಸೀರೆ ಅಂಗಡಿ ಇಟ್ಟುಕೊಂಡಿದ್ದರು. ನಾನು ಹಿಂದೂಪುರದಲ್ಲಿ ಅಜ್ಜಿ ಮತ್ತು ಚಿಕ್ಕಪ್ಪನ ಜೊತೆ ಇದ್ದು ಡಿಗ್ರಿ ಓದುತ್ತಿದ್ದೆ. ಚಿಕ್ಕಪ್ಪ ಮಗ್ಗ ಬಿಟ್ಟೆದ್ದು ಹುಣಸೆಹಣ್ಣಿನ ಮಂಡಿಯ ಮಹಡಿಯಲ್ಲಿ ಕಂಪ್ಯೂಟರ್ ಕ್ಲಾಸು ತೆರೆದಿದ್ದರು. ಮಿಕ್ಕವರೆಲ್ಲ ಕೋಬಾಲ್ ಎಂಬ ಕಂಪ್ಯೂಟರ್ ಭಾಷೆ ಕಲಿಸಿ ಸುಖವಾಗಿದ್ದಾಗ ಇವರಿಗೆ ಬೆಂಗಳೂರಿನ ಗೆಳೆಯನೊಬ್ಬನಿಂದ ಆಬ್ಜೆಕ್ಟಿವ್-ಸಿ ಎಂಬ ಭಾಷೆ ಅಂಟಿಕೊಂಡಿತು. ಕಜ್ಜಿಯ ಹಾಗೆ ಅಂತಲೇ ಓದಿಕೊಳ್ಳಿ.

ಆ ಭಾಷೆಯಲ್ಲಿ ಪ್ರತಿಯೊಂದು ಆಬ್ಜೆಕ್ಟೂ, ಅಂದರೆ ಪ್ರೋಗ್ರಾಮಿನೊಳಗಿನ ವಸ್ತುವೂ, ತನ್ನ ಸಂಗತಿಗಳನ್ನು ತನ್ನ ಹೊಟ್ಟೆಯಲ್ಲೇ ಇಟ್ಟುಕೊಂಡಿರುತ್ತದಂತೆ. ಹೊರಗಿನವರು ಅಲ್ಲಿಗೆ ಕೈ ಹಾಕಬಾರದು. ಬೇಕಾದರೆ ಅದನ್ನೇ ಕೇಳಬೇಕು. ಹೇಳುವುದಕ್ಕೆ ಗೆಟರ್ ಎಂಬ ಮೆಥಡ್ ಇದೆ. ಬದಲಾಯಿಸಬೇಕಾದರೂ ಅದಕ್ಕೇ ಹೇಳಬೇಕು. ಅದಕ್ಕೆ ಸೆಟರ್ ಇದೆ. ಕೊಟ್ಟದ್ದು ಸರಿಯಿಲ್ಲ ಅನ್ನಿಸಿದರೆ ಸೆಟರ್ ಒಳಗೆ ಬಿಟ್ಟುಕೊಳ್ಳದೆಯೂ ಇರಬಹುದು. ಒಂದೊಂದು ಸಂಗತಿಗೂ ಇವೆರಡನ್ನೂ ಕೈಯಾರೆ ಬರೆಯಬೇಕಾಗಿದ್ದ ಕಾಲ ಅದು. ಹುಡುಗರು "ಸಾರ್, ನೇರವಾಗಿ ತಗೊಂಡ್ರೆ ಒಂದೇ ಲೈನು" ಎಂದು ಗೋಗರೆಯುತ್ತಿದ್ದರು.

"ಪಕ್ಕದ ಮನೆಗೆ ಹೋದ್ರೆ ಬಾಗ್ಲು ತಟ್ತೀರೋ, ಇಲ್ಲಾ ಸೀದಾ ಒಲೆ ಮ್ಯಾಲಿನ ಪಾತ್ರೆಗೆ ಸೌಟು ಹಾಕ್ತೀರೋ?" ಎಂದು ಚಿಕ್ಕಪ್ಪ ಗದರುತ್ತಿದ್ದರು. ಹುಡುಗರು ತೆಪ್ಪಗೆ ಬರೆಯುತ್ತಿದ್ದರು.

ಕೆಳಗಿನ ಮಂಡಿ ಸಾಹುಕಾರರಿಗೂ ಒಂದು ಪ್ರೋಗ್ರಾಮ್ ಬರೆದುಕೊಟ್ಟರು. ಹುಣಸೆಹಣ್ಣು ಇಟ್ಟಲ್ಲೇ ಒಣಗಿ ತೂಕ ಇಳಿಯುತ್ತದಲ್ಲ? ತೂಕ ಕೇಳಿದಾಗ ಗೆಟರ್ ಆ ಒಣಗಿದ್ದನ್ನು ಕಳೆದು ಹೇಳುವ ಹಾಗೆ ಮಾಡಿದ್ದರು. ಸಾಹುಕಾರರಿಗೆ ನಂಬಿಕೆ ಬರಲಿಲ್ಲ, ಗೋದಾಮಿಗೆ ಹೊರಟರು.

"ನೀವ್ಯಾಕೆ ಒಳಕ್ಕೆ ನುಗ್ತೀರಾ? ಗೋದಾಮನ್ನೇ ಕೇಳಿ!" ಎಂದರು ಚಿಕ್ಕಪ್ಪ.

"ಏಮಯ್ಯಾ, ಗೋದಾಮು ಮಾಟ್ಲಾಡುತುಂದಾ?" ಎಂದು ಸಾಹುಕಾರರು ತೆಲುಗಿನಲ್ಲಿ ಕಣ್ಣು ಬಿಟ್ಟರು, ಗೋದಾಮೂ ಮಾತಾಡುವುದುಂಟೇ ಎಂಬಂತೆ. "ನನ್ನ ಹಣ್ಣು ನಂಗೇ ಹೇಳ್ದಂಗೆ ಒಣಗೋಯ್ತಾ?"

ಅಂದಿನಿಂದ ಅವರು ಮಹಡಿ ಮೆಟ್ಟಿಲು ಹತ್ತಲೇ ಇಲ್ಲ.

ಮನೆಯಲ್ಲಿ ಈ ಸಿದ್ಧಾಂತದ ಪೂರ್ತಿ ಲಾಭ ಪಡೆದವರು ಅಜ್ಜಿ. ಚಿಕ್ಕಪ್ಪ ಕಾಫಿ ಲೋಟ ಹಿಡಿದು "ಅಮ್ಮಾ, ಸಕ್ಕರೆ ಅದಾ?" ಎನ್ನುವರು. "ಕೈಗೇನು ಲಕ್ವ ಹೊಡೆದದಾ? ತೆಗ್ದು ನೋಡು ಕಣ್ಲಾ" ಎಂದು ಅಜ್ಜಿ. "ನಾನು ನೋಡಬಾರ್ದು, ನೀನು ಹೇಳ್ಬೇಕು" ಎಂದು ಚಿಕ್ಕಪ್ಪ. ಕೊನೆಗೆ ಅಜ್ಜಿ ಇದರ ಮರ್ಮ ಹಿಡಿದುಬಿಟ್ಟರು. ಹಬ್ಬಕ್ಕೆಂದು ಡಬ್ಬಿ ತುಂಬ ಸಕ್ಕರೆ ಇಟ್ಟುಕೊಂಡು, ಕೇಳಿದಾಗಲೆಲ್ಲ "ಇಲ್ಲ" ಎನ್ನತೊಡಗಿದರು! ಡಬ್ಬಿ ತುಂಬಿದೆಯೆಂದು ನಾನು ಚಾಡಿ ಹೇಳಿದರೆ ಚಿಕ್ಕಪ್ಪನಿಗೆ ಸಿಟ್ಟೇ ಬರಲಿಲ್ಲ. "ನೋಡಿದ್ಯಾ? ಒಳಗಿನ ಗುಟ್ಟು ಒಳಗೇ ಇರೋದು ಅಂದ್ರೆ ಇದೇ ಕಣಮ್ಮ!" ಎಂದು ಮೆಚ್ಚಿಕೊಂಡು ಕಹಿ ಕಾಫಿ ಕುಡಿದರು. ಇಂಥವರಿಗೆ ಏನು ಹೇಳುವುದು?

ಹೀಗಿರುವಾಗ ಕಲ್ಯಾಣದುರ್ಗದಿಂದ ಅಪ್ಪ ಹೇಳಿಕಳಿಸಿದರು, ನನ್ನನ್ನು ನೋಡಲು ಗಂಡಿನವರು ಬರುತ್ತಾರೆಂದು. ನನ್ನ ಡಿಗ್ರಿ ಇನ್ನೂ ಮುಗಿದಿರಲಿಲ್ಲ. ಮುಗಿಸಬೇಕೆಂಬ ಆಸೆ ಬೆಟ್ಟದಷ್ಟಿತ್ತು, ಬಾಯಿ ಮಾತ್ರ ಇರಲಿಲ್ಲ. ಚಿಕ್ಕಪ್ಪನ ಜೊತೆ ಬಸ್ಸು ಹತ್ತಿದೆ.

ಗಂಡಿನ ತಾಯಿ ನನ್ನ ಮುಖ ನೋಡಿಕೊಂಡೇ ಕೇಳಿದರು: "ಅಡುಗೆ ಬತ್ತದಾ?"

"ಓ, ಎಲ್ಲಾ ಬತ್ತದೆ" ಎಂದರು ಅಮ್ಮ.

"ಮುಂದಕ್ಕೂ ಓದ್ತಾಳಾ?"

"ಇಲ್ಲ ಇಲ್ಲ, ಬಿಡಿಸ್ಬುಡ್ತೀವಿ" ಎಂದರು ಅಪ್ಪ. "ಅವಳಿಗೂ ಪೂರ್ತಿ ಒಪ್ಪಿಗೆ."

ನಾನು ಚಾಪೆಯ ಅಂಚು ನೋಡುತ್ತ ಕೂತಿದ್ದೆ. ಚಿಕ್ಕಪ್ಪ ಖಾರದ ತಟ್ಟೆ ಕೆಳಗಿಟ್ಟರು.

"ಅಣ್ಣ, ಇದು ತಪ್ಪು."

"ಏನ್ಲಾ ತಪ್ಪು?"

"ಒಪ್ಪಿಗೆ ಇರೋದು ಅವಳ ಒಳಗೆ. ನೀನು ಸೀದಾ ಕೈ ಹಾಕಿ 'ಹೂಂ' ಅಂತ ಇಟ್ಬುಟ್ಟೆ. ಅವಳನ್ನ ಕೇಳಿದ್ಯಾ?"

"ಏಮಂಟುನ್ನಾಡು ಈಯನ?" ಎಂದು ಗಂಡಿನ ತಂದೆ ಪಕ್ಕದವರನ್ನು ಕೇಳಿದರು, ಈತ ಏನು ಹೇಳುತ್ತಿದ್ದಾನೆ ಎಂದು. "ಕಂಪ್ಯೂಟರ್ ಅಂಟ" ಎಂದು ಯಾರೋ ಪಿಸುಗುಟ್ಟಿದರು. ಪಾಪ, ವಾಸಿಯಾಗದ ಕಾಯಿಲೆ ಎಂಬಂತೆ ಎಲ್ಲರೂ ಲೊಚಗುಟ್ಟಿದರು.

ಚಿಕ್ಕಪ್ಪ ನನ್ನ ಕಡೆ ತಿರುಗಿದರು. "ಏನಮ್ಮಾ, ಈ ಸಂಬಂಧ ಬೇಕಾ ನಿಂಗೆ?"

ಅವರು ಕಾದರು. ಬೇರೆ ಯಾರೋ ಬಾಯಿ ಹಾಕಲು ಬಂದಾಗ ಕೈಯೆತ್ತಿ ತಡೆದರು.

"ಈಗ ಬ್ಯಾಡ ಚಿಕ್ಕಪ್ಪ. ಡಿಗ್ರಿ ಮುಗಿಸ್ಬೇಕು."

ಅಷ್ಟಕ್ಕೇ ಬಿಟ್ಟರೇ? ಗಂಡಿನ ಕಡೆಗೂ ತಿರುಗಿ, "ನಿನ್ನನ್ನಾದ್ರೂ ಯಾರಾನ ಕೇಳಿದ್ರೇನಪ್ಪಾ?" ಎಂದರು. ಆತ ಉತ್ತರಕ್ಕಾಗಿ ತನ್ನ ತಾಯಿಯ ಮುಖ ನೋಡಿದ!

ಸಂಬಂಧ ಅಲ್ಲಿಗೇ ಮುರಿಯಿತು. ಅಪ್ಪ ಕೆಂಡವಾದರು. ಆದರೆ ನೆಂಟರೆದುರು ನಾನೇ ಬಾಯಿಬಿಟ್ಟು ಹೇಳಿದ್ದನ್ನು ಇಲ್ಲವೆನ್ನುವ ಹಾಗಿರಲಿಲ್ಲ. "ಓದ್ಕೊಂಡು ಸಾಯಿ" ಎಂದು ಬಸ್‌ಸ್ಟ್ಯಾಂಡಿಗೆ ಅಟ್ಟಿದರು. ಅದಕ್ಕಿಂತ ದೊಡ್ಡ ಆಶೀರ್ವಾದ ನನಗೆ ಆಮೇಲೂ ಸಿಕ್ಕಿಲ್ಲ.

ಬಸ್ಸು ಪಾವಗಡ ದಾಟಿತು. ನನಗೆ ಖುಷಿಯೋ ಖುಷಿ. ಚಿಕ್ಕಪ್ಪ ಕಿಟಕಿಯಾಚೆ ನೋಡುತ್ತಿದ್ದರು. ಅವರಿಗೆ ಮದುವೆಯಾಗಿರಲಿಲ್ಲ. "ಅವನಿಗೆ ಬ್ಯಾಡ್ವಂತೆ, ಒಂಟಿಯಾಗಿದ್ರೇ ಅವನಿಗೆ ಸುಖ" ಎಂದು ಅಜ್ಜಿ, ಅಪ್ಪ, ಅಕ್ಕಪಕ್ಕದವರೆಲ್ಲ ಹೇಳುವುದನ್ನು ಕೇಳಿಕೊಂಡೇ ನಾನು ಬೆಳೆದಿದ್ದೆ. ಅವತ್ತು ಯಾವ ಧೈರ್ಯ ಬಂತೋ, ಕೇಳಿಬಿಟ್ಟೆ.

"ಚಿಕ್ಕಪ್ಪಾ, ನಿಮಗೆ ಮದುವೆ ಆಗ್ಬೇಕು ಅಂತ ಇತ್ತಾ?"

ಅವರು ಕಿಟಕಿಯಾಚೆ ನೋಡುತ್ತಲೇ ಇದ್ದರು.

"ಇತ್ತು ಕಣಮ್ಮ" ಎಂದರು. "ನೀನೊಬ್ಳೇ ಕೇಳಿದ್ದು."

ನನಗೆ ಅಳು ತಡೆಯಲಾಗಲಿಲ್ಲ. ಅವರ ಕೈ ಹಿಡಿದುಕೊಂಡೆ, ಹಿಂದೂಪುರ ಬರುವವರೆಗೂ ಬಿಡಲಿಲ್ಲ.